ಶನಿವಾರದ ಯಜಮಾನರು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಹೊಸದಾಗಿ ಮರದ ಗಾಣದ ಎಣ್ಣೆ ಅಂಗಡಿಯೊಂದು ತೆರೆದಿದೆ. ಮಂಡಿನೋವಿಗೆ ಎಳ್ಳೆಣ್ಣೆ ಹಚ್ಚಿಕೊಳ್ಳಿ ಎಂದು ಡಾಕ್ಟರಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಬುದ್ಧಿ ಹೇಳಿದ್ದರಿಂದ, ಮೊನ್ನೆ ಖಾಲಿ ಬಾಟಲಿ ಹಿಡಿದುಕೊಂಡು ಹೋದೆ. ಮೆಟ್ಟಿಲು ಹತ್ತುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಎಳ್ಳಿಂಡಿ, ಅದಕ್ಕೆ ಹಾಕಿದ ಬೆಲ್ಲ, ಎಣ್ಣೆ ಕುಡಿದು ಕಪ್ಪಾದ ಮರ... ಕಾಲು ಅಲ್ಲೇ ನಿಂತಿತು.

ಒಳಗಿದ್ದ ಅಂಗಡಿಯಾಕೆ ಬಾಟಲಿ ನೋಡಿ ತಲೆಯಾಡಿಸಿದಳು. "ಇವತ್ತು ಶನಿವಾರ ಮೇಡಂ. ಗಾಣ ತೊಳೆದು ಒಣಗಾಕಿದೀನಿ, ಮಾರಲ್ಲ. ನಾಳೆ ಬನ್ನಿ."

ರಿಟೈರ್ ಆದವರಿಗೆ ವಾರಗಳ ಲೆಕ್ಕ ಎಲ್ಲಿರುತ್ತದೆ? ನನಗೆ ಶನಿವಾರವೆಂಬುದೇ ಮರೆತುಹೋಗಿತ್ತು. ಆದರೆ ಆ ವಾಸನೆಯೂ ಆ ವಾರವೂ ಒಟ್ಟಿಗೆ ಎದುರಾದದ್ದೇ ತಡ, ಮನಸ್ಸು ಉಪ್ಪಾರಹಳ್ಳಿ ಬಿಟ್ಟು ಗುಬ್ಬಿಯ ಸ್ಟೇಷನ್ ರಸ್ತೆಯ ಒಂದು ಜಗಲಿಯ ಮೇಲೆ ಹೋಗಿ ಕೂತುಬಿಟ್ಟಿತು.

ಆಗ ನಾನು ಗುಬ್ಬಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ಹುಟ್ಟೂರು ಕುಣಿಗಲ್. ದಿನಾ ಓಡಾಡುವಷ್ಟು ಬಸ್ಸುಗಳ ಮೇಲೆ ನನಗೆ ನಂಬಿಕೆ ಇರಲಿಲ್ಲವಾದ್ದರಿಂದ ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯೊಡತಿ ತೆಂಗಿನ ತೋಟವಿದ್ದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಾತು ಒರಟು, ಕೈ ಧಾರಾಳ. ಅವರ ಗೋಡೆಗೆ ಅಂಟಿಕೊಂಡಂತೆಯೇ ಎಣ್ಣೆ ಅಂಗಡಿ. ಮುಂದೆ ಅಂಗಡಿ, ನಡುವೆ ಗಾಣ, ಹಿಂದೆ ಮನೆ. ಅದರ ಯಜಮಾನರು ಹೆಂಡತಿಯನ್ನು ಕಳೆದುಕೊಂಡ, ಮಕ್ಕಳಿಲ್ಲದ, ಎತ್ತರದ ಮುದುಕರು. ಅವರ ಅಪ್ಪ ರೈಲ್ವೆ ಕೆಲಸಕ್ಕೆಂದು ಈ ಕಡೆ ಬಂದು ಇಲ್ಲೇ ಉಳಿದರಂತೆ ಎಂಬಷ್ಟೇ ಊರಿಗೆ ಗೊತ್ತಿದ್ದ ಚರಿತ್ರೆ. ಅಷ್ಟಕ್ಕೇ ಊರು ತೃಪ್ತವಾಗಿತ್ತು.

ಊರಿನವರು ಅವರನ್ನು ಕರೆಯುತ್ತಿದ್ದದ್ದು ಶನಿವಾರದ ಯಜಮಾನರು ಎಂದು. ವಾರವೆಲ್ಲ ಕಟಕಟ ಎನ್ನುವ ಗಾಣ ಶನಿವಾರ ಮೌನ. ಅಂಗಡಿ ಬಾಗಿಲು ತೆರೆಯುವುದಿಲ್ಲ, ಒಲೆ ಹಚ್ಚುವುದಿಲ್ಲ. ನಮ್ಮ ಕಡೆ ಶನಿವಾರ ಎಣ್ಣೆ ಕೊಳ್ಳುವವರಾದರೂ ಯಾರು? ಶನಿಯನ್ನು ಕೈಯಾರೆ ಮನೆಗೆ ಕರೆದಂತೆ ಎಂದು ಹೆದರುತ್ತಾರೆ. ಹಾಗಾಗಿ ಶನಿವಾರ ಮುಚ್ಚಿದ ಎಣ್ಣೆ ಅಂಗಡಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಮೇಲಾಗಿ ಶನಿವಾರ ತಿಮ್ಮಪ್ಪನ ವಾರ. ಒಪ್ಪತ್ತು ಇರುವವರು ಬೀದಿಗೆ ನಾಲ್ಕು ಮನೆ ಸಿಗುತ್ತಾರೆ. ಆಗೊಮ್ಮೆ ಈಗೊಮ್ಮೆ ಯಜಮಾನರು ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಹಣ್ಣು ಬೆರೆಸಿ, ತಮ್ಮದೇ ಪ್ರಾರ್ಥನೆ ಹೇಳಿ ನೆರೆಮನೆಗಳಿಗೆ ಹಂಚುತ್ತಿದ್ದರು. ಎಲ್ಲರೂ ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದೆವು. ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದಿದ್ದ ಬೆರಳುದ್ದದ ಹಿತ್ತಾಳೆ ಕೊಳವೆಯನ್ನು ತಾಯತ ಎಂದುಕೊಂಡಿದ್ದೆವು. ಒಳಗೆ ಹೋಗುವಾಗ ಅವರು ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ನಾನು ಇತಿಹಾಸದ ಲೆಕ್ಚರರ್, ಪಕ್ಕದ ಕೋಣೆಯಲ್ಲೇ ಇದ್ದವಳು, ನನಗೂ ಅವರು ತಿಮ್ಮಪ್ಪನ ಒಕ್ಕಲೇ.

ಅವರಿಗೆ ಓದುವ ಹುಚ್ಚು. ಗಾಣ ತಿರುಗುತ್ತಿದ್ದರೆ ಪಕ್ಕದ ಸ್ಟೂಲಿನ ಮೇಲೆ ಪುಸ್ತಕ ಹಿಡಿದೇ ಇರುತ್ತಿದ್ದರು. ಒಂದು ಭಾನುವಾರ ನನ್ನ ಬಾಗಿಲಿಗೆ ಬಂದು, "ಕುಣಿಗಲ್ ಮೇಡಂ, ಇದೊಂದು ಇಂಗ್ಲಿಷ್ ಮಾತು ಬಿಡಿಸಿಕೊಡ್ತೀರಾ?" ಎಂದು ಕೇಳಿದರು. ಕೈಯಲ್ಲಿದ್ದದ್ದು ಒಂದು ಹಳೆಯ ಕಾದಂಬರಿ. ಅಪ್ಪ ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ಎತ್ತಿಟ್ಟುಕೊಂಡದ್ದಂತೆ. ಮೊದಲ ಹಾಳೆಗಳೇ ಇಲ್ಲದ್ದರಿಂದ ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅದನ್ನು ಅವರು ಸದ್ದಿಲ್ಲದೆ ಕನ್ನಡಕ್ಕೆ ತರುತ್ತಿದ್ದರು. ಅಂದಿನಿಂದ ನಮ್ಮ ಭಾನುವಾರಗಳು ಆ ಪುಸ್ತಕದ ಪಾಲಾದವು.

ಕಥೆ ನಡೆಯುವುದು ಯುರೋಪಿನ ಒಂದು ದೊಡ್ಡ ಸಾಮ್ರಾಜ್ಯದ ಅಂಚಿನಲ್ಲಿದ್ದ ಸಣ್ಣ ಊರಿನಲ್ಲಿ. ಮುದಿ ಚಕ್ರವರ್ತಿ ಎಲ್ಲೋ ದೂರದಲ್ಲಿ. ಊರಿನಲ್ಲಿ ನಾಲ್ಕಾರು ಭಾಷೆ, ನಾಲ್ಕಾರು ದೇವರು. ಅಂಗಡಿಗಳಿಗೆಲ್ಲ ಬೋರ್ಡು ಬರೆಯುವ ಒಬ್ಬ ಯಹೂದಿ ಅಲ್ಲಿದ್ದ. ಒಂದೇ ಬೋರ್ಡಿನ ಮೇಲೆ ಎಲ್ಲ ಭಾಷೆಯನ್ನೂ ಜಗಳವಿಲ್ಲದಂತೆ ಕೂರಿಸುವುದೇ ಅವನ ಕಸುಬು. ಬರಬರುತ್ತಾ ಪ್ರತಿಯೊಂದು ಭಾಷೆಯವರಿಗೂ ಊರು ತಮ್ಮೊಬ್ಬರದೇ ಎನಿಸತೊಡಗಿತು. ಒಬ್ಬರು ಬಂದು ಇನ್ನೊಬ್ಬರ ಅಕ್ಷರ ಅಳಿಸು ಎಂದರು. ಸಾಮ್ರಾಜ್ಯ ಬಿದ್ದ ಮೇಲಂತೂ ಸರ್ಕಾರ ಬದಲಾದಾಗಲೆಲ್ಲ ಅವನು ಎಲ್ಲ ಬೋರ್ಡುಗಳನ್ನೂ ಬಳಿದು ಹೊಸದಾಗಿ ಬರೆದ. ಕೊನೆಗೆ ಅವನ ಬಾಗಿಲಿಗೇ ಬಂದು, ನಿನ್ನ ಹೆಸರು ಬರಿ, ಯಾವ ಭಾಷೆಯಲ್ಲಿ ಬರೆಯುತ್ತೀಯ ನೋಡೋಣ ಎಂದು ನಿಂತರು...

ಈ ಕಥೆಯನ್ನು ತಿದ್ದುವಾಗಲೇ ಒಂದು ದಿನ ನಾನು, "ಯಹೂದಿಗಳ ಬಗ್ಗೆ ಇಷ್ಟೆಲ್ಲ ಹೇಗೆ ತಿಳ್ಕೊಂಡಿದೀರಿ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನಮ್ಮ ಮನೇದೇ ಅಲ್ವಾ ಮೇಡಂ," ಎಂದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರ ದೇವರು ದುಡಿಯಬೇಡವೆಂದ ಶನಿವಾರ, ಅವರ ಹರಕೆಯ ಅವಲಕ್ಕಿ, ಒಳಗೆ ದೇವರ ವಾಕ್ಯದ ಸುರುಳಿಯಿದ್ದ ತಾಯತ ಎಲ್ಲ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಇತಿಹಾಸದ ಡಿಗ್ರಿಯನ್ನು ವಾಪಸ್ ಕೊಟ್ಟುಬಿಡೋಣವೆನಿಸಿತು.

ಅವರು ಬಚ್ಚಿಟ್ಟಿದ್ದರು ಎಂದು ಹೇಳಲಾರೆ. ಅವರಪ್ಪ ಹೇಳಿದ್ದರಂತೆ, ಕೇಳುವವರೆಗೆ ಹೇಳಬೇಡ, ಕೇಳಿದ ಮೇಲೆ ಸುಳ್ಳು ಹೇಳಬೇಡ ಎಂದು. ಯಾರೂ ಕೇಳಲಿಲ್ಲ. ಆದರೆ ಯಾರಾದರೂ ಕೇಳಿಯಾರು ಎಂಬ ಭಯ ಮಾತ್ರ ಅವರನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಕಾದಂಬರಿಯೆಲ್ಲ ಮುಗಿದು ಕೊನೆಯ ಪುಟ ಒಂದೇ ಉಳಿದಿತ್ತು. ಬೋರ್ಡಿನವನು ತನ್ನ ಬಾಗಿಲಿನ ಮೇಲೆ ಏನನ್ನೂ ಬರೆಯದೆ, ಕುಂಚವನ್ನು ಹೊಸ್ತಿಲ ಮೇಲಿಟ್ಟು ಊರು ಬಿಟ್ಟು ಹೋಗುವ ಪುಟ. ಅದನ್ನು ಅವರು ವಾರದಿಂದ ವಾರಕ್ಕೆ ಮುಂದೂಡುತ್ತಲೇ ಇದ್ದರು.

"ಇದೊಂದಕ್ಕೆ ಕೈ ಬರ್ತಿಲ್ಲ ಮೇಡಂ. ಬರೆದ್ರೆ ನಂದೂ ಹಂಗೇ ಆಗ್ತದೇನೋ ಅನ್ಸುತ್ತೆ," ಎಂದಿದ್ದರು.

ಆ ಭಯಕ್ಕೆ ಆ ವರ್ಷ ಕಾರಣವೂ ಇತ್ತು. ಮುಂಬೈಯಲ್ಲಿದ್ದ ತಂಗಿ ಇಸ್ರೇಲಿಗೆ ಹೊರಟುನಿಂತಿದ್ದಳು. ಹೋಗುವ ಮುನ್ನ ಗುಬ್ಬಿಗೆ ಬಂದು, ಮುದಿವಯಸ್ಸಿನಲ್ಲಿ ಒಬ್ಬನೇ ಯಾಕೆ ಇರುತ್ತೀ, ನೀನೂ ಬಾ ಎಂದು ಹಟ ಹಿಡಿದಳು. ಇವರು ಗಾಣದ ನೆಪ ಹೇಳಿ, ನೋಡೋಣ ಎಂದರು. ಅಣ್ಣತಂಗಿ ಸ್ಟೇಷನ್ನಿನಲ್ಲಿ ರೈಲು ಬರುವವರೆಗೂ ಮರಾಠಿಯಲ್ಲಿ ವಾದ ಮಾಡಿದರು. ಇಬ್ಬರಿಗೂ ಕಿವಿ ಮಂದ, ಹಾಗಾಗಿ ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸಿತು. ಮಹಾರಾಷ್ಟ್ರದ ಜೊತೆ ಗಡಿ ಗಲಾಟೆ ಜೋರಾಗಿದ್ದ ಕಾಲ ಅದು. ಬಸ್ಸಿಗೆ ಮಸಿ ಬಳಿದ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿತ್ತು.

ಇದರ ನಡುವೆ ಊರಿನ ಕನ್ನಡ ಸಂಘದವರು ಯಜಮಾನರ ಪುಸ್ತಕವನ್ನು ರಾಜ್ಯೋತ್ಸವದಲ್ಲಿ ಬಿಡುಗಡೆ ಮಾಡುವುದೆಂದು ತೀರ್ಮಾನಿಸಿದ್ದರು. ಸಂಘದ ಅಧ್ಯಕ್ಷ ಶಾಮಿಯಾನ ಬಾಡಿಗೆಗೆ ಕೊಡುವವನು, ನಮ್ಮ ಮನೆಯೊಡತಿಯ ತಮ್ಮನ ಮಗ. ಹೆಗಲ ಮೇಲೆ ಸದಾ ಕೆಂಪು ಹಳದಿ ಶಾಲು, ಮನಸ್ಸು ಒಳ್ಳೆಯದು, ಬುದ್ಧಿ ಮಾತ್ರ ಕೊನೆಗೆ ಮಾತಾಡಿದವರ ಕಡೆ. ಪುಸ್ತಕ ಅಚ್ಚಿಗೆ ಹಾಕಿಸುತ್ತೇನೆಂದು ಅವನೇ ಮುಂದೆ ಬಂದಿದ್ದ. ಯಜಮಾನರು ಮೇಲೆ ತೋರಿಸಿಕೊಳ್ಳದಿದ್ದರೂ ಒಳಗೊಳಗೇ ಹಿಗ್ಗಿದ್ದರು. ತುಮಕೂರಿಗೆ ಹೋಗಿ ಹೊಸ ಅಂಗಿ ಹೊಲಿಸಿಕೊಂಡು ಬಂದಿದ್ದರು.

ಆ ಶನಿವಾರ ಮಧ್ಯಾಹ್ನ ನಾನು ಜಗಲಿಯ ಮೇಲೆ ಉತ್ತರ ಪತ್ರಿಕೆ ನೋಡುತ್ತಾ ಕೂತಿದ್ದೆ. ಯಜಮಾನರು ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಬೀದಿ ನೋಡುತ್ತಿದ್ದರು. ಶಾಮಿಯಾನದವನು ಹಿಂದೆ ಒಂದು ಗುಂಪು ಕಟ್ಟಿಕೊಂಡು ಬಂದ. ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ," ಎಂದ. "ನೀವು ಮರಾಠಿಯೋರು, ನಿಮ್ ಪುಸ್ತಕ ನಮಗ್ಯಾಕೆ ಅಂತ ಹುಡುಗ್ರು ತಕರಾರು ತೆಗ್ದವ್ರೆ. ನೀವು ಕನ್ನಡದೋರು ಅಂತ ಎರಡು ಸಾಲು ಬರ್ದು ಸೈನ್ ಹಾಕ್ಕೊಡಿ. ಇನ್ವಿಟೇಷನ್ ಕಾರ್ಡಲ್ಲಿ ಹಾಕ್ಸಿಬುಡ್ತೀನಿ, ಎಲ್ಲಾರ ಬಾಯೂ ಮುಚ್ಕೊಳ್ಳುತ್ತೆ." ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದ.

ಯಜಮಾನರು ಪೆನ್ನನ್ನು ನೋಡಿದರು, ಮುಟ್ಟಲಿಲ್ಲ. "ಇವತ್ತು ಬರೆಯಕ್ಕಾಗಲ್ಲಪ್ಪ."

"ಎರಡೇ ಸಾಲು."

"ಒಂದಕ್ಷರಾನೂ ಆಗಲ್ಲ, ಇವತ್ತು."

ಹಿಂದಿನಿಂದ ಒಬ್ಬ, "ನೋಡ್ದಾ ಅಣ್ಣ, ಬರ್ಕೊಡಲ್ವಂತೆ. ನಾನೇಳ್ಲಿಲ್ವಾ," ಎಂದ. ಗುಂಪು ಗುಜುಗುಜು ಎಂದಿತು. ಅವರ ಶನಿವಾರದಲ್ಲಿ ಗಾಣ ಹೇಗೆ ನಿಷಿದ್ಧವೋ ಬರವಣಿಗೆಯೂ ಹಾಗೆಯೇ ಎಂದು ನನಗೆ ಗೊತ್ತಿತ್ತು. ಎದ್ದು ಹೇಳಿಬಿಡಲೇ ಎನಿಸಿತು. ಆದರೆ ಅದು ನಾನು ಹೇಳುವ ಮಾತಲ್ಲ. ಅವರೇ ಹೇಳಲಿ ಎಂದು ಕಾಯುವ ಕಷ್ಟ ಎಂಥದೆಂದು ಆ ಕ್ಷಣ ಗೊತ್ತಾಯಿತು. ಪುಸ್ತಕವೂ ಹೋಯಿತು, ಮುದುಕರು ತಂಗಿಯ ಹಿಂದೆ ಹೊರಟೂ ಹೋದರು ಎಂದೇ ಎಣಿಸಿದೆ.

ಯಜಮಾನರು ಎದ್ದು ನಿಂತರು. ಒಂದು ಕೈ ಚೌಕಟ್ಟಿನ ಹಿತ್ತಾಳೆ ಕೊಳವೆಯ ಮೇಲಿತ್ತು.

"ನಾನು ಯಹೂದಿ ಕಣ್ರಪ್ಪ," ಎಂದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಶಾಮಿಯಾನದವನೇ, ಪಾಠ ಅರ್ಥವಾಗದ ವಿದ್ಯಾರ್ಥಿಯ ದನಿಯಲ್ಲಿ, "ಅಂದ್ರೆ... ನಿಟ್ಟೂರಲ್ಲಿ ಜೈನರಿದ್ದಾರಲ್ಲ, ಆ ಥರಾನಾ?" ಎಂದು ಕೇಳಿದ.

ನನಗೆ ನಗು ತಡೆಯಲಾಗಲಿಲ್ಲ. ಯಜಮಾನರ ತುಟಿಯೂ ಅಲುಗಿತು. ಅಷ್ಟು ವರ್ಷ ಹೆದರಿದ್ದ ಪ್ರಶ್ನೆ ಹೀಗೆ ಬಂದೀತೆಂದು ಅವರು ಎಣಿಸಿರಲಿಲ್ಲ. ಕುರ್ಚಿಯ ಮೇಲೆ ಕೂತು ನಿಧಾನವಾಗಿ ಹೇಳಿದರು. ಎಂದೋ ಒಂದು ಕಾಲದಲ್ಲಿ ಹಡಗು ಒಡೆದು ತಮ್ಮ ಹಿರಿಯರು ಕೊಂಕಣದ ದಡಕ್ಕೆ ಬಂದು ಬಿದ್ದರಂತೆ. ಎಣ್ಣೆ ಗಾಣ ಹಾಕಿಕೊಂಡು ಬದುಕಿದರಂತೆ. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಅಲ್ಲಿಯ ಜನ ಅವರಿಗೆ ಶನಿವಾರದ ಗಾಣಿಗರು ಎಂದೇ ಹೆಸರಿಟ್ಟರಂತೆ. "ಇಲ್ಲಿ ನೀವೂ ಅದೇ ಹೆಸರಿಟ್ರಿ. ಯಾರೂ ಹೇಳ್ಕೊಟ್ಟಿರಲಿಲ್ಲ. ಮೊದಲ ಸಲ ಕೇಳ್ದಾಗ ಮನೆಗೆ ಹೋಗಿ ಅತ್ತಿದ್ದೆ ನಾನು," ಎಂದರು.

ಆಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು. "ಮನೇಲಿ ಮರಾಠಿ. ದೇವರ ಹತ್ರ ಹೀಬ್ರೂ. ಓದಿದ್ದು, ವ್ಯಾಪಾರ ಮಾಡಿದ್ದು, ಜಗಳ ಆಡಿದ್ದು, ಈ ಪುಸ್ತಕ ಬರೆದಿದ್ದು ಕನ್ನಡ. ಇವತ್ತು ನಮಗೆ ಬರೆಯೋ ದಿನ ಅಲ್ಲ. ಸಂಜೆ ನಕ್ಷತ್ರ ಕಾಣಿಸ್ಲಿ, ಎಲ್ಲಾನೂ ಬರ್ಕೊಡ್ತೀನಿ. ಒಂದನ್ನೇ ಬರಿ, ಮಿಕ್ಕಿದ್ದು ಬಿಡು ಅಂದ್ರೆ ಮಾತ್ರ ಬರೆಯಲ್ಲ."

ಶಾಮಿಯಾನದವನು ತಲೆ ಕೆರೆದುಕೊಂಡ. ಯಹೂದಿ ಎಂಬುದು ಅವನಿಗೆ ತೊಡಕೇ ಆಗಿರಲಿಲ್ಲ. "ಅದೆಲ್ಲ ಸರಿ, ಮರಾಠಿ ಅಂತ ರಾಜ್ಯೋತ್ಸವದ ಕಾರ್ಡಲ್ಲಿ ಹೆಂಗ್ ಹಾಕ್ಸೋದು..." ಎಂದು ರಾಗ ಎಳೆದ.

ಅಷ್ಟರಲ್ಲಿ ನಮ್ಮ ಮನೆಯೊಡತಿ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಯಜಮಾನರ ಮನೆಯಲ್ಲಿ ಶನಿವಾರ ಒಲೆ ಉರಿಯದ್ದರಿಂದ ಅವರಿಗೆ ಕಾಫಿ ಹೋಗುತ್ತಿದ್ದದ್ದು ಈ ಮನೆಯಿಂದಲೇ. ಲೋಟವನ್ನು ಯಜಮಾನರ ಪಕ್ಕದಲ್ಲಿಟ್ಟರು. ಸೆರಗು ಸಿಕ್ಕಿಸಿಕೊಂಡರು. ಆಮೇಲೆ ತಮ್ಮನ ಮಗನ ಕಡೆ ತಿರುಗಿ ಬೈಯತೊಡಗಿದರು, ಅಪ್ಪಟ ತೆಲುಗಿನಲ್ಲಿ.

ಅವರ ಮನೆಮಾತು ತೆಲುಗೆಂದು ನನಗೆ ಗೊತ್ತಿತ್ತು. ಪಾವಗಡದ ಕಡೆಯಿಂದ ಬಂದ ಮನೆತನ. ಆದರೆ ಬೀದಿಯಲ್ಲಿ ಅವರ ಬಾಯಿಂದ ತೆಲುಗು ಬಂದದ್ದು ಅದೇ ಮೊದಲು. ನಮ್ಮ ಅಧ್ಯಕ್ಷರು ಗಾಬರಿಯಲ್ಲಿ ತಾವೂ ತೆಲುಗಿನಲ್ಲೇ ಸಮಜಾಯಿಷಿ ಕೊಡತೊಡಗಿದರು. ಶಾಲು ಹೆಗಲಿಂದ ಜಾರಿ ನೆಲಕ್ಕೆ ಬಿತ್ತು. ಗುಂಪಿನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ತಕರಾರು ತೆಗೆದಿದ್ದವನೇ, "ಅಣ್ಣ, ನೀನೂವಾ?" ಎಂದು ಕೇಳಿ ಕಿಸಕ್ಕನೆ ನಕ್ಕ. ಆ ನಗು ಎಲ್ಲರಿಗೂ ಹತ್ತಿಕೊಂಡಿತು. ಅಧ್ಯಕ್ಷನ ಕಿವಿ ಕೆಂಪಾಯಿತು.

ಮನೆಯೊಡತಿ ನಗಲಿಲ್ಲ. ಕನ್ನಡಕ್ಕೆ ಬಂದರು. "ತಿಮ್ಮಪ್ಪನ ಒಕ್ಕಲಾದೋರು ಶುಕ್ರವಾರ ಸಂಜೆ ದೀಪ ಹಚ್ಚಿ, ಶನಿವಾರ ಹಚ್ದೆ ಇರ್ತಾರೇನ್ಲಾ? ನಾನ್ ಈ ಮನೆಗೆ ಬಂದ ವರ್ಷವೇ ಗೊತ್ತಾಯ್ತು, ಇವ್ರ ದೇವ್ರು ಬೇರೆ ಅಂತ. ಅದಕ್ಕೇನೀಗ? ಕಾಫಿ ಕಾಯ್ಸೋದ್ ಬಿಟ್ನಾ ನಾನು?"

ಯಜಮಾನರು ಅವರನ್ನೇ ನೋಡುತ್ತಾ ಕೂತರು. "ನಿಮಗೆ ಗೊತ್ತಿತ್ತಾ?" ಎಂದರು.

"ಗೊತ್ತಿಲ್ದೆ ಏನು. ಕೇಳಿದ್ರೆ ನಿಮಗೆ ಮುಜುಗರ ಆಗ್ತದೆ ಅಂತ ಸುಮ್ನಿದ್ದೆ. ಕಾಫಿ ಆರೋಗ್ತದೆ, ಕುಡೀರಿ."

ಅವರು ಲೋಟ ಎತ್ತಿಕೊಂಡರು. ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಕಾಫಿ ಕುಡಿದರು. ನನಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು. ಅಧ್ಯಕ್ಷ ಶಾಲು ಎತ್ತಿಕೊಂಡು, ಧೂಳು ಕೊಡವಿ, "ನಕ್ಷತ್ರ ಎಷ್ಟೊತ್ತಿಗೆ ಬರ್ತದೆ ಯಜಮಾನ್ರೇ?" ಎಂದು ಕೇಳಿದ. ತುಮಕೂರಿನ ಪ್ರೆಸ್ಸಿಗೆ ಫೋನು ಮಾಡಿ ಕಾರ್ಡು ತಡವಾಗುತ್ತದೆ, ಕಾಯಿರಿ ಎಂದ.

ಹಾಗೆ ಆ ಸಂಜೆ ಗುಬ್ಬಿಯ ಕನ್ನಡ ಸಂಘದ ಕಾರ್ಯಕಾರಿ ಸಮಿತಿ ಜಗಲಿಯ ಮೇಲೆ ಕೂತು ನಕ್ಷತ್ರಕ್ಕೆ ಕಾದಿತು. ಒಂದು ಕಂಡರೆ ಸಾಲದು, ಮೂರು ಕಾಣಿಸಬೇಕು ಎಂದಿದ್ದರು ಯಜಮಾನರು. ಸ್ಟೇಷನ್ನಿನ ಆಚೆ ಬೆಳಕು ಇನ್ನೂ ಇತ್ತು. ಮನೆಯೊಡತಿ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ಯಜಮಾನರು ಬೋರ್ಡಿನವನ ಕಥೆ ಹೇಳಿದರು. ಕುಂಚ ಹೊಸ್ತಿಲ ಮೇಲಿಟ್ಟು ಅವನು ಹೊರಟುಹೋದ ಎಂದು ಮುಗಿಸಿದಾಗ ಅಧ್ಯಕ್ಷನಿಗೆ ಸಿಟ್ಟೇ ಬಂತು.

"ಯಾಕೆ ಹೋಗ್ಬೇಕಿತ್ತು ಅವನು? ಇರು ಅನ್ನೋಕೆ ಅಕ್ಕಪಕ್ಕದೋರು ಒಬ್ರೂ ಇರ್ಲಿಲ್ವಾ?"

"ಆ ಪುಸ್ತಕದಲ್ಲಿ ಇಲ್ಲಪ್ಪ," ಎಂದರು ಯಜಮಾನರು.

"ಅಗೋ, ಒಂದು," ಎಂದು ಯಾರೋ ತೆಂಗಿನ ಗರಿಯ ಮೇಲೆ ಬೆರಳು ತೋರಿಸಿದರು. ತಕರಾರಿನವನು ಅದು ವಿಮಾನ ಎಂದ. ಅದರ ಮೇಲೆ ಒಂದು ಸಣ್ಣ ಜಗಳವಾಯಿತು...

ನಕ್ಷತ್ರ ಮೂಡಿದ ಮೇಲೆ ಅವರು ಹೇಳಿದಂತೆಯೇ ಬರೆದುಕೊಟ್ಟರು. ಮನೆಮಾತು ಮರಾಠಿ, ಪ್ರಾರ್ಥನೆ ಹೀಬ್ರೂ, ಬರವಣಿಗೆ ಕನ್ನಡ, ಊರು ಗುಬ್ಬಿ. ಕಾರ್ಡಿನಲ್ಲಿ ಹಾಗೆಯೇ ಅಚ್ಚಾಯಿತು. ಒಂದಿಬ್ಬರು ಮುನಿಸಿಕೊಂಡು ಸಭೆಗೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಮಿಕ್ಕವರು ಬಂದರು. ಅಧ್ಯಕ್ಷ ಸ್ವಾಗತ ಭಾಷಣದ ನಡುವೆ, ಯಾರೂ ಕೇಳದಿದ್ದರೂ, ನಮ್ಮ ಮನೇಲೂ ತೆಲುಗೇ ಎಂದು ಹೇಳಿ ಬೆವರು ಒರೆಸಿಕೊಂಡ. ಮುಂದಿನ ಸಾಲಿನಲ್ಲಿದ್ದ ಅವನ ಸೋದರತ್ತೆ ಹೂಂ ಎಂದು ತಲೆದೂಗಿದರು. ಹೊಸ ಅಂಗಿ ತೊಟ್ಟ ಯಜಮಾನರು ಎಲ್ಲರಿಗೂ ಬೆಲ್ಲದವಲಕ್ಕಿ ಹಂಚಿದರು. ಅದು ತಿಮ್ಮಪ್ಪನದಲ್ಲ ಎಂದು ಗೊತ್ತಾದ ಮೇಲೂ ಜನ ಕಣ್ಣಿಗೊತ್ತಿಕೊಂಡೇ ತಿಂದರು.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಶನಿವಾರದ ಮರುದಿನ. ಬೆಳಿಗ್ಗೆಯೇ ಬಂದು ಬಾಗಿಲು ಬಡಿದರು. ಕೊನೆಯ ಪುಟ ಕನ್ನಡವಾಗಿತ್ತು, ಒಂದು ಮಾತೂ ಆಚೀಚೆ ಆಗಿರಲಿಲ್ಲ. ಬೋರ್ಡಿನವನು ಊರು ಬಿಟ್ಟು ಹೋಗಿಯೇ ಇದ್ದ. ಅವನನ್ನು ಅಲ್ಲೇ ಉಳಿಸಿಬಿಡಬಹುದಿತ್ತಲ್ಲ ಎಂದೆ ನಾನು.

"ಅವನ ಕಥೆ ಅವನದು ಮೇಡಂ. ನಂದಲ್ಲ ಅಂತ ನಿನ್ನೆ ಗೊತ್ತಾಯ್ತು, ಅದಕ್ಕೇ ಕೈ ಬಂತು," ಎಂದರು. ಗಾಣ ಶುರುಮಾಡಲು ಹೊತ್ತಾಯಿತೆಂದು ಹೊರಟುಹೋದರು. ತಂಗಿಗೆ ಬರುವುದಿಲ್ಲವೆಂದು ಅದೇ ದಿನ ಫೋನು ಮಾಡಿದರಂತೆ. ಈ ಸಲವೂ ಕೂಗಾಡಿಯೇ.

ನನಗೆ ತುಮಕೂರಿಗೆ ವರ್ಗವಾಯಿತು. ಹೋಗಿಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು... ಒಂದು ಶುಕ್ರವಾರ ಸಂಜೆ ಶಾಮಿಯಾನದವನ ಫೋನು ಬಂತು. ಯಜಮಾನರು ಹೋಗಿಬಿಟ್ಟಿದ್ದರು. ಬೆಂಗಳೂರಿನಲ್ಲಿ ಅವರ ಜನರ ಸ್ಮಶಾನವಿದೆ, ವ್ಯಾನು ಗೊತ್ತು ಮಾಡಿದ್ದೇನೆ ಎಂದ. ನಾಳೆಯೇ ಹೊರಡುತ್ತೀರಾ ಎಂದು ಕೇಳಿದೆ.

"ನಾಳೆ ಶನಿವಾರ ಅಲ್ವಾ ಮೇಡಂ," ಎಂದ ಅವನು, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ಅವ್ರು ಶನಿವಾರ ಎಲ್ಲಿಗೂ ಹೋಗಲ್ಲ. ಐಸ್ ಪೆಟ್ಟಿಗೆ ತರ್ಸಿದೀನಿ. ಭಾನುವಾರ ಹೊರಡೋದು. ನೀವೂ ಬನ್ನಿ." ಆ ಶನಿವಾರವೆಲ್ಲ ಅವನೂ ಅವನ ಗುಂಪೂ ಅಂಗಡಿಯ ಮುಂದೆ ಕೂತಿದ್ದರು. ಮನೆಯೊಡತಿ ಒಲೆಯ ಮುಂದೆ ನಿಂತು ಎಲ್ಲರಿಗೂ ಕಾಫಿ ಕಾಯಿಸುತ್ತಿದ್ದರು.

ಈಗ ಆಕೆಯೂ ಇಲ್ಲ. ಗಾಣವಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಪುಸ್ತಕದ ನನ್ನ ಪ್ರತಿಯನ್ನು ಓದಲು ಒಯ್ದವರು ಯಾರೆಂದೇ ನೆನಪಿಲ್ಲ, ಎಲ್ಲಿ ಹುಡುಕಿದರೂ ಇನ್ನೊಂದು ಸಿಕ್ಕಿಲ್ಲ. ಸಂಕಟವಾಗುತ್ತದೆ. ಆದರೂ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ನೆಮ್ಮದಿಯ ಉಸಿರೇ. ಅವರು ಹೊರಡಬೇಕಾಗಿ ಬರಲಿಲ್ಲ.

ಉಪ್ಪಾರಹಳ್ಳಿಯ ಅಂಗಡಿಯಾಕೆ ನಾನು ನಿಂತೇ ಇರುವುದನ್ನು ನೋಡಿ, "ಬೇಜಾರ್ ಮಾಡ್ಕೋಬೇಡಿ ಮೇಡಂ, ಶನಿವಾರ ಒಂದಿನ ಆಗಲ್ಲ," ಎಂದಳು. ಬಾಗಿಲ ಚೌಕಟ್ಟಿನ ಕಡೆ ನನ್ನ ಕಣ್ಣು ತಾನಾಗಿ ಹೋಯಿತು. ಬಾಡಿದ ಮಾವಿನೆಲೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಯಾಕೆ ಆಗಲ್ಲ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು, ಮನೆಯೊಡತಿ ನೆನಪಾದರು. ಕೇಳಲಿಲ್ಲ. ನಾಳೆ ಬರುತ್ತೇನೆ ಎಂದು ಖಾಲಿ ಬಾಟಲಿ ಹಿಡಿದು ಮನೆಯ ಕಡೆ ನಡೆದೆ.